ಆಶಾರಾಣಿ ಹಿಡಿದ ಕುರ್ಚಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಟರಾಜನ ಗೇಮ್ ಅಂಗಡಿ ಇದೆ. ಮೊದಲು ಅದು ಜೆರಾಕ್ಸ್ ಅಂಗಡಿ. ಆ ಮಿಷನ್ನು ಈಗಲೂ ಮೂಲೆಯಲ್ಲಿ ಕೂತಿದೆ, ಬಂದವರು ಅದರ ಮೇಲೆ ಹೆಲ್ಮೆಟ್ ಇಡುತ್ತಾರೆ. ಮೂರು ಟಿ.ವಿ. ಒಂದರಲ್ಲಿ ಕ್ರಿಕೆಟ್ಟು, ಒಂದರಲ್ಲಿ ಗುಂಡು ಹಾರಿಸುವ ಆಟ, ಗೋಡೆ ಪಕ್ಕದ್ದರಲ್ಲಿ ಟೆನಿಸ್ಸು. ಟೆನಿಸ್ಸಿನ ಟಿ.ವಿ. ಮುಂದೆ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ. ಅಂಗಡಿಯ ಕಾನೂನು ಒಂದೇ. ಗೆದ್ದವರು ಕೂತಿರಬಹುದು, ಸೋತವರು ಎದ್ದು ಸಾಲಿನ ಕೊನೆಗೆ ಹೋಗಬೇಕು. ಸಾಲಿನಲ್ಲಿ ಮುಂದಿದ್ದವರು ಬಂದು ಕೂತರೆ ಗೆದ್ದವನು ಅವರ ಜೊತೆ ಆಡಲೇಬೇಕು. ಆಡಲ್ಲ ಅಂದರೆ ಅವನೂ ಏಳಬೇಕು.

ಆ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಮಧ್ಯಾಹ್ನ ಒಂದು ಮುಕ್ಕಾಲಿನಿಂದ ಎರಡು ಇಪ್ಪತ್ತೈದರವರೆಗೆ ಆಶಾರಾಣಿ ಕೂತಿರುತ್ತಿದ್ದಳು. ಮೂವತ್ತೊಂಬತ್ತು ವರ್ಷದ ಹೆಂಗಸು, ಗಂಜಿ ಹಾಕಿದ ಕಾಟನ್ ಸೀರೆ, ತೊಡೆ ಮೇಲೆ ವ್ಯಾನಿಟಿ ಬ್ಯಾಗು, ಕೈಯಲ್ಲಿ ರಿಮೋಟಿನಂಥ ಕಂಟ್ರೋಲರ್ರು. ಸುತ್ತ ನಿಂತವರೆಲ್ಲ ಮಂಡಿ, ಮೊಬೈಲ್ ಅಂಗಡಿ, ರೈಲ್ವೆ ಅಂತ ಊಟದ ಬಿಡುವಿನಲ್ಲಿ ಬಂದ ಗಂಡಸರು.

ಅವಳು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು. ಅವಳ ಅಪ್ಪ ಗಂಗಯ್ಯ ನಮ್ಮ ಸಂಘಟನೆಯ ಜಾಥಾಗಳಿಗೆ ನನ್ನ ಜೊತೆ ಬರುತ್ತಿದ್ದವನು, ಬ್ಯಾನರಿನ ಒಂದು ಕೋಲು ಯಾವಾಗಲೂ ಅವನದ್ದೇ. ಅವನು ತೀರಿಕೊಂಡು ಎಂಟು ವರ್ಷವಾಯಿತು. ಮದುವೆ ಗೊತ್ತಾಗಿ ಎರಡು ಸಲ ತಪ್ಪಿತು, ಮೂರನೇ ಸಲ ಅವಳೇ ಬೇಡ ಅಂದಳು. ಈಗ ಮನೆಯಲ್ಲಿ ತಾಯಿ ಹನುಮಮ್ಮ, ಅವಳು, ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರು. ದಿನಾ ಬೆಳಿಗ್ಗೆ ಹಳೇಬೀಡಿನಲ್ಲಿ ಬಸ್ಸು ಹತ್ತಿ ಅರಸೀಕೆರೆಯ ಒಂದು ಸರ್ಕಾರಿ ಕಚೇರಿಗೆ ಬರುತ್ತಾಳೆ. ಯಾವ ಕಚೇರಿ ಅನ್ನುವುದು ಇಲ್ಲಿ ಬೇಡ.

ಆ ಕಚೇರಿಯಲ್ಲಿ ಅವಳಿಗೆ ಕೆಲಸವಿಲ್ಲ. ಅಂದರೆ ನೌಕರಿ ಇದೆ, ಕೆಲಸ ಇಲ್ಲ. ಒಂದು ಫೈಲಿನಲ್ಲಿ ಹಾಳೆ ಬದಲಾಗಿದ್ದನ್ನು ಅವಳು ಮೇಲಿನವರಿಗೆ ಬರೆದುಕೊಟ್ಟಳು. ವಿಚಾರಣೆ ಶುರುವಾಯಿತು, ಶುರುವಾದಲ್ಲೇ ನಿಂತಿತು. ಅವಳ ಟೇಬಲ್ಲಿನ ಮೇಲಿದ್ದ ಫೈಲುಗಳನ್ನು ಒಂದು ದಿನ ಎತ್ತಿಕೊಂಡು ಹೋದರು, ಮತ್ತೆ ತರಲಿಲ್ಲ. ಯಾರೂ ಬೈಯಲಿಲ್ಲ. ಕಂಪ್ಯೂಟರನ್ನು ರಿಪೇರಿಗೆ ಅಂತ ಒಯ್ದರು. ಹತ್ತೂವರೆಗೆ ಹಾಜರಿ, ಐದೂವರೆಗೆ ಮನೆ, ನಡುವೆ ಬರಿ ಟೇಬಲ್ಲು. ಹದಿನಾಲ್ಕು ತಿಂಗಳು ಹಾಗೇ ಕಳೆಯಿತು. ಕಾಗದ ವಾಪಸ್ ತಗೊಂಡರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂತ ಒಬ್ಬರು ಕಾಫಿ ಕುಡಿಸಿ ಹೇಳಿದರು. ಕಾಫಿ ಕುಡಿದು ಎದ್ದು ಬಂದಳು.

"ಸಿಟ್ಟು ಬರಲ್ವೇನಮ್ಮ?" ಅಂತ ಒಮ್ಮೆ ನಾನು ಕೇಳಿದ್ದೆ.

"ಮೊದ್ಲು ಬತ್ತಿತ್ತು ಅಣ್ಣ. ಈಗ ಜೋಮು ಹಿಡಿದ ಕಾಲು ಇರುತ್ತಲ್ಲ, ಹಂಗೆ. ಚಿವುಟಿದ್ರೂ ಗೊತ್ತಾಗಲ್ಲ."

ಇದನ್ನು ಅವಳು ದುಃಖದಿಂದ ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು.

ನಟರಾಜನ ಅಂಗಡಿಗೆ ಮೊದಲ ಸಲ ಹೋಗಿದ್ದು ಜೆರಾಕ್ಸ್ ಮಾಡಿಸುವುದಕ್ಕೆ. ತನ್ನ ದೂರಿನ ಪ್ರತಿ. ಮಿಷನ್ನು ಕೆಟ್ಟಿತ್ತು. ಗೋಡೆ ಪಕ್ಕದ ಟಿ.ವಿ.ಯಲ್ಲಿ ಹಳದಿ ಚೆಂಡು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. ಕಾಲು ಗಂಟೆ ನಿಂತು ನೋಡಿದಳು. "ಆಡ್ತೀರಾ ಮೇಡಂ?" ಅಂತ ನಟರಾಜ ತಮಾಷೆಗೆ ಕೇಳಿದ. ಕೂತಳು.

ಅವಳು ಹಿಂದೆ ಆಡಿದ್ದು ಬಾಲ್ ಬ್ಯಾಡ್ಮಿಂಟನ್ನು. ಬೇಲೂರಿನ ಹಾಸ್ಟೆಲ್ ಅಂಗಳದಲ್ಲಿ ಶುರುವಾದದ್ದು ಯೂನಿವರ್ಸಿಟಿ ಟೀಮಿನವರೆಗೂ ಹೋಯಿತು. ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಕಲಿತವರಿಗೆ ಆ ಆಟ ಗೊತ್ತು. ಒಂದು ಕಡೆಗೆ ಐದು ಜನ, ಹಳದಿ ಉಣ್ಣೆಯ ಚೆಂಡು. ಉಣ್ಣೆಯ ಚೆಂಡು ಪುಟಿಯುವುದಿಲ್ಲ. ನೆಲಕ್ಕೆ ಬಿದ್ದರೆ ಸತ್ತ ಹಾಗೆ, ಪಾಯಿಂಟು ಹೋಯಿತು. ಅದಕ್ಕೇ ಎಂಥ ಚೆಂಡು ಬಂದರೂ ಮುನ್ನುಗ್ಗಿ ಗಾಳಿಯಲ್ಲೇ ಹೊಡೆಯಬೇಕು. ಹನ್ನೆರಡು ವರ್ಷ ಆಡಿದ ಮೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಟೆನಿಸ್ಸಿನ ಚೆಂಡು ಒಂದು ಸಲ ನೆಲಕ್ಕೆ ಬಡಿದು ಮೇಲೇಳುತ್ತದೆ, ಆಮೇಲೆ ಹೊಡೆದರೂ ನಡೆಯುತ್ತದೆ. ಆಶಾರಾಣಿಗೆ ಅದು ತಲೆಯಲ್ಲಿ ಗೊತ್ತು, ಬೆರಳಿಗೆ ಗೊತ್ತಿಲ್ಲ. ಅವಳ ಆಟಗಾರ್ತಿ ಎಲ್ಲ ಚೆಂಡಿಗೂ ನೆಟ್ಟಿನ ಹತ್ತಿರ ಓಡುತ್ತಿದ್ದಳು. ಎದುರಿನವರು ತಲೆಯ ಮೇಲೆ ಎತ್ತಿ ಹಿಂದಕ್ಕೆ ಹಾಕುತ್ತಿದ್ದರು.

"ಮೇಡಂ, ಬಾಲ್ ಬೀಳಕ್ ಬಿಡ್ರೀ. ಪುಟೀತದೆ, ಆಮೇಲೆ ಹೊಡೀರಿ," ಅಂತ ಸುನಿಲ ನಗುತ್ತಿದ್ದ. ಸುನಿಲ ಕೊಬ್ಬರಿ ಮಂಡಿ ಚನ್ನಪ್ಪನ ಮಗ. ಇಪ್ಪತ್ತಾರು ವರ್ಷ, ಮಾತು ದೊಡ್ಡದು.

"ಬಿಟ್ರೆ ಹೋಯ್ತದಲ್ಲಪ್ಪ," ಅನ್ನುತ್ತಿದ್ದಳು.

"ಹೋಗಲ್ಲ ಕಣ್ರೀ. ಇದು ಟೆನಿಸ್ಸು."

ಒಂದು ತಿಂಗಳು ದಿನಾ ಸೋತಳು. ಸೋತರೆ ಸಾಲಿನ ಕೊನೆ. ಸಾಲಿನಲ್ಲಿ ಐದಾರು ಜನ ಇದ್ದರೆ ಊಟದ ಬಿಡುವಿನಲ್ಲಿ ಇನ್ನೊಂದು ಸರದಿ ಬರುವುದಿಲ್ಲ. ಹತ್ತು ನಿಮಿಷದ ಆಟಕ್ಕೆ ದಿನವೆಲ್ಲ ಕಾದ ಹಾಗಾಗುತ್ತಿತ್ತು. ಅವಳಿಗೆ ಗೆಲ್ಲಬೇಕಾಗಿದ್ದು ಹೆಸರಿಗಲ್ಲ. ಕಚೇರಿಯಲ್ಲಿ ಅವಳ ಕಡೆಗೆ ಏನೂ ಬರುತ್ತಿರಲಿಲ್ಲ. ಫೈಲು ಬರುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ಬೈಗುಳವೂ ಬರುತ್ತಿರಲಿಲ್ಲ. ಇಲ್ಲಿ ಒಂದು ಚೆಂಡಾದರೂ ಅವಳ ಕಡೆಗೆ ಬರುತ್ತಿತ್ತು, ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಇಪ್ಪತ್ನಾಲ್ಕು ಗಂಟೆಯಲ್ಲಿ ಅವಳಿಗೆ ಬೇಕಾಗಿದ್ದು ಅಷ್ಟು. ಅದಕ್ಕೆ ಕುರ್ಚಿ ಉಳಿಯಬೇಕು. ಕುರ್ಚಿ ಉಳಿಯಬೇಕಾದರೆ ಗೆಲ್ಲಬೇಕು.

ಆಟಕ್ಕೆ ಮುಂಚೆ ನಮ್ಮ ಆಟಗಾರನನ್ನು ನಾವೇ ಕಟ್ಟಿಕೊಳ್ಳಬೇಕು. ನಟರಾಜನ ಅಂಗಡಿಯಲ್ಲಿ ಎಲ್ಲರಿಗೂ ಅರವತ್ತೇ ಪಾಯಿಂಟು. ಸರ್ವಿಸ್ಸು, ಹೊಡೆತದ ಜೋರು, ಓಟ, ದಮ್ಮು, ನೆಟ್ಟಿನ ಆಟ, ಹಗುರ ಕೈ. ಈ ಆರಕ್ಕೆ ಹಂಚಬೇಕು. ಒಂದಕ್ಕೆ ಸುರಿದರೆ ಇನ್ನೊಂದು ಬರಗೆಡುತ್ತದೆ.

ಸುನಿಲ ಸರ್ವಿಸ್ಸಿಗೂ ಜೋರಿಗೂ ಸುರಿದಿದ್ದ. ಅವನ ಆಟಗಾರ ಆರೂವರೆ ಅಡಿ, ಎಮ್ಮೆ ಕೋಣದಂಥ ಮೈ. ಒಂದು ಹೊಡೆತ, ಪಾಯಿಂಟು ಮುಗಿಯಿತು. ಆಶಾರಾಣಿ ಮೂರು ವಾರ ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ನಿಂತು ಅವನ ಸರ್ವಿಸ್ಸನ್ನು ಹೊಡೆಯುವುದು ಬಿಟ್ಟು ಬರೀ ತಡೆದು ನಡುವಿಗೆ ತಳ್ಳತೊಡಗಿದಳು. ಚೆಂಡು ವಾಪಸ್ಸು ಬಂದರೆ ಕೋಣ ಓಡಬೇಕು. ಓಟಕ್ಕೂ ದಮ್ಮಿಗೂ ಅವನು ಏನೂ ಇಟ್ಟಿರಲಿಲ್ಲ. ಮೂರನೇ ಗೇಮಿಗೆ ಅದರ ನಾಲಿಗೆ ಹೊರಗೆ ಬರುತ್ತಿತ್ತು.

ಮೊಬೈಲ್ ರಿಪೇರಿ ಅಂಗಡಿಯ ಶರತ್ ಬೇರೆ ಥರ. ಮಾತಿಲ್ಲದ ಮನುಷ್ಯ. ಓಟ, ದಮ್ಮು, ಅಷ್ಟೇ ಅವನ ಬಂಡವಾಳ. ಎಲ್ಲಿಗೆ ಹೊಡೆದರೂ ಎತ್ತಿ ವಾಪಸ್ಸು ಹಾಕುತ್ತಿದ್ದ, ಎದುರಿನವರು ಬೇಸತ್ತು ತಪ್ಪು ಮಾಡುವವರೆಗೆ. ಇಂಥವನಿಗೆ ಜೋರು ತೋರಿಸಿದರೆ ಗೋಡೆಗೆ ಗುದ್ದಿದ ಹಾಗೆ. ಅವನನ್ನು ಮುಂದಕ್ಕೆ ಕರೆಯಬೇಕು. ಆಶಾರಾಣಿ ಚೆಂಡನ್ನು ನೆಟ್ಟಿನ ಹಿಂದೆಯೇ ಸತ್ತು ಬೀಳುವ ಹಾಗೆ ಹಾಕಿದಳು. ಅವನು ಓಡಿ ಬಂದು ಎತ್ತಿದ. ಬಂದವನಿಗೆ ನೆಟ್ಟಿನ ಹತ್ತಿರ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ.

ರೈಲ್ವೆಯ ನಂಜಪ್ಪ ಚೆಂಡಿಗೆ ತಿರುವು ಕೊಡುತ್ತಿದ್ದ. ಬಿದ್ದ ಮೇಲೆ ಚೆಂಡು ಎಲ್ಲಿಗೋ ಹೋಗುತ್ತಿತ್ತು. ಎಲ್ಲರೂ ಅವನಿಗೆ ಸೋಲುತ್ತಿದ್ದರು. ಆಶಾರಾಣಿ ಮಾತ್ರ, ಉಳಿದವರಿಗೆ ದಿನಾ ಸೋಲುತ್ತಿದ್ದ ತಿಂಗಳಲ್ಲೂ, ಅವನಿಗೆ ಸೋಲಲಿಲ್ಲ. ಬಿದ್ದರೆ ತಾನೇ ತಿರುಗುವುದು?

ಹೀಗೆ ಐದು ತಿಂಗಳಲ್ಲಿ ಅವಳನ್ನು ಕುರ್ಚಿಯಿಂದ ಎಬ್ಬಿಸುವವರು ಇಲ್ಲವಾದರು. ಸಂತೋಷವಾಯಿತಾ ಅಂದರೆ, ಇಲ್ಲ. ಕೈ ಆಡುತ್ತಿತ್ತು, ಅವಳು ನೋಡುತ್ತಿದ್ದಳು. ಎರಡು ಇಪ್ಪತ್ತೈದಕ್ಕೆ ಎದ್ದು, ಬ್ಯಾಗು ಹೆಗಲಿಗೆ ಹಾಕಿ, ಬರಿ ಟೇಬಲ್ಲಿಗೆ ಹೋಗುತ್ತಿದ್ದಳು.

ಮನೆಯಲ್ಲಿ ಹನುಮಮ್ಮ ಕೇಳುತ್ತಿದ್ದಳು. "ಇವತ್ತು ಆಪೀಸಲ್ಲಿ ಏನ್ ಮಾಡ್ದವ್ವ?"

"ಬಾಲ್ ಆಡ್ದೆ."

"ಸಂಬ್ಳ ಕೊಟ್ಟು ಬಾಲ್ ಆಡುಸ್ತಾರೇನೇ?"

"ಹೂಂ ಕಣವ್ವ."

"ಹಂಗಾರೆ ನನ್ನೂ ಸೇರ್ಸು. ನಾನೂ ಒಂದ್ ಕೈ ಆಡ್ತೀನಿ." ಅಂದು ಮುದ್ದೆ ತಿರುವಲು ಕೂರುತ್ತಿದ್ದಳು. ಅವಳಿಗೆ ಎಷ್ಟು ಗೊತ್ತಿತ್ತೋ.

ತಕರಾರು ಬಂದದ್ದು ಒಂದು ಬುಧವಾರ. ಸುನಿಲ ಸೋತು ಎದ್ದವನು ಸಾಲಿಗೆ ಹೋಗಲಿಲ್ಲ. ನಟರಾಜನ ಮೇಜಿನ ಮುಂದೆ ನಿಂತ.

"ನಟಣ್ಣ, ಇದು ಸರಿ ಇಲ್ಲ. ನಮ್ಗೂ ಊಟದ ಟೈಮ್ ಇದೊಂದೇ. ಇವ್ರು ಬಂದು ಕೂತ್ರೆ ಎರಡೂವರೆವರ್ಗೂ ಏಳಲ್ಲ. ನಾವು ಏನ್ ಮಾಡಾಣ, ನಿಂತ್ಕೊಂಡು ಕಡ್ಲೆಕಾಯಿ ತಿನ್ನಾಣ?"

"ಗೆದ್ದೋರು ಕೂತ್ಕೋತಾರೆ ಕಣಪ್ಪ. ನೀನು ಗೆದ್ದಾಗ ಎದ್ದಿದ್ಯಾ?" ಅಂದ ನಟರಾಜ.

"ನಾವು ಗಂಡುಡುಗ್ರು, ಒಬ್ರಿಗೊಬ್ರು ಹೊಂದ್ಕೋತೀವಿ. ಇವ್ರ ಮುಂದೆ ಒಂದ್ ಮಾತಾಡಂಗಿಲ್ಲ, ಒಂದ್ ಬೈಗುಳ ಬಿಡಂಗಿಲ್ಲ. ಆಪೀಸಿನೋರು ಆಪೀಸಲ್ಲಿ ಕೂತ್ಕೊಳ್ಳಿ."

ಆಶಾರಾಣಿ ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದಳು. "ಬೈಕೋಳಪ್ಪ. ನಾನೇನು ಕಿವಿ ಮುಚ್ಕೊಂಡು ಹುಟ್ಟಿಲ್ಲ."

ಕೆಲವರು ನಕ್ಕರು. ಸುನಿಲನಿಗೆ ಅದು ಇನ್ನೂ ಉರಿಯಿತು. ಅವನ ಮಾತಿನಲ್ಲಿ ಅರ್ಧ ನ್ಯಾಯವಿತ್ತು ಅಂತ ನಾನೂ ಒಪ್ಪುತ್ತೇನೆ. ಊಟದ ಬಿಡುವು ಅವನಿಗೂ ಒಂದೇ. ಇನ್ನರ್ಧ ಏನು ಅಂತ ಬಿಡಿಸಿ ಬರೆಯುವ ಅಗತ್ಯವಿಲ್ಲ. ಮಂಡಿಯ ಹುಡುಗನಿಗೆ ಯಾರ ಮುಂದೆ ನಿಂತು ಸರದಿ ಕಾಯುವುದು ಅಭ್ಯಾಸ, ಯಾರ ಮುಂದೆ ಅಭ್ಯಾಸವಿಲ್ಲ ಅನ್ನುವುದು ಈ ಸೀಮೆಯವರಿಗೆ ಗೊತ್ತಿರುವ ವಿಷಯ.

ಕೊನೆಗೆ ಹೀಗೆ ತೀರ್ಮಾನವಾಯಿತು. ಶುಕ್ರವಾರ ಮಧ್ಯಾಹ್ನ ದಿನದ ನಾಲ್ಕು ಗೇಮಿನ ಆಟವಲ್ಲ, ಒಂದು ಪೂರ್ತಿ ಸೆಟ್ಟು, ಮೊದಲು ಆರು ಗೇಮು ಮುಟ್ಟಿದವರಿಗೆ ಗೆಲುವು. ಆಶಾರಾಣಿ ಸೋತರೆ ಮಧ್ಯಾಹ್ನ ಅಂಗಡಿಗೆ ಬರುವ ಹಾಗಿಲ್ಲ. ಗೆದ್ದರೆ ಯಾರೂ ತುಟಿ ಪಿಟಿಕ್ಕೆನ್ನುವ ಹಾಗಿಲ್ಲ. "ಆಗ್ಲಿ," ಅಂದಳು. ಅವಳಿಗೆ ಸಂಜೆ ಬರಲು ಆಗುವುದಿಲ್ಲ, ಬಸ್ಸು ತಪ್ಪುತ್ತದೆ. ಮಧ್ಯಾಹ್ನ ಹೋದರೆ ಆಟವೇ ಹೋದ ಹಾಗೆ. ಅದು ಸುನಿಲನಿಗೂ ಗೊತ್ತಿತ್ತು.

ಗುರುವಾರ ನಟರಾಜ ಮೆಲ್ಲಗೆ ಹೇಳಿದ. "ಮೇಡಂ, ಅವ್ನು ಹೊಸ ಪ್ಲೇಯರ್ ಕಟ್ತಾ ಅವ್ನೆ. ನೀವೂ ಪಾಯಿಂಟ್ ಬದ್ಲಾಯಿಸ್ಕೊಳ್ಳಿ."

"ಅವ್ನು ಏನು ಕಟ್ಟಿದಾನೆ ಅಂತ ನಂಗೊತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ದೆ ಏನಂತ ಬದ್ಲಾಯಿಸ್ಲಿ. ನೋಡ್ಕೊಂಡು ಆಡಾಣ."

ಶುಕ್ರವಾರ ಅಂಗಡಿ ತುಂಬಿತ್ತು. ಕ್ರಿಕೆಟ್ಟಿನ ಟಿ.ವಿ. ಆಫ್ ಮಾಡಿದ್ದರು. ಸುನಿಲ ತಂದ ಆಟಗಾರ ಸಣ್ಣಗಿದ್ದ. ಕೋಣ ಹೋಗಿ ಮೇಕೆ ಬಂದಿತ್ತು. ಸರ್ವಿಸ್ಸು ಮಾಮೂಲಿ, ಜೋರಿಲ್ಲ. ಪಾಯಿಂಟೆಲ್ಲ ಓಟಕ್ಕೆ, ಹಗುರ ಕೈಗೆ. ಅಂಕಣದ ತೀರಾ ಹಿಂದೆ ನಿಂತು, ಆಶಾರಾಣಿ ಮುಂದೆ ಬಂದ ಕೂಡಲೇ ತಲೆಯ ಮೇಲೆ ಎತ್ತಿ ಹಾಕುವುದು, ಅದೊಂದೇ ಅವನ ಆಟ. ಅವಳೊಬ್ಬಳನ್ನು ಸೋಲಿಸುವುದಕ್ಕೇ ಕಟ್ಟಿದ್ದು. ಬೇರೆ ಯಾರ ಮುಂದೆಯೂ ಅದು ಎರಡು ಗೇಮು ನಿಲ್ಲುತ್ತಿರಲಿಲ್ಲ.

ಐದು ತಿಂಗಳು ಹತೋಟಿಯಲ್ಲಿಟ್ಟಿದ್ದ ಹಳೇ ಅಭ್ಯಾಸ ಎದ್ದು ಕೂತಿತು. ಚೆಂಡು ಮೇಲೆ ಹೋದರೆ ಅವಳ ಬೆರಳು ಮುಂದಕ್ಕೆ ಒತ್ತುತ್ತಿತ್ತು. ಆಟಗಾರ್ತಿ ನೆಗೆಯುತ್ತಿದ್ದಳು, ಚೆಂಡು ಹಿಂದೆ ಬೀಳುತ್ತಿತ್ತು. ಒಂದು ಸೊನ್ನೆ. ಎರಡು ಸೊನ್ನೆ. ಮೂರು ಒಂದು. ನಾಲ್ಕು ಒಂದು.

"ಹೆಂಗೈತೆ ಮೇಡಂ?" ಅಂದ ಸುನಿಲ.

"ಚೆನ್ನಾಗ್ ಕಟ್ಟಿದ್ದೀಯ," ಅಂದಳು. ಕುಹಕವಲ್ಲ. ನಿಜವಾಗಿಯೂ ಚೆನ್ನಾಗಿ ಕಟ್ಟಿದ್ದ.

ಅಲ್ಲಿ ಅವಳು ಒಂದು ಕೆಲಸ ಮಾಡಿದಳು. ಎಡಗೈ ಹೆಬ್ಬೆರಳನ್ನು ಕಂಟ್ರೋಲರಿನಿಂದ ಎತ್ತಿಬಿಟ್ಟಳು. ಮುಂದೆ ಓಡಿಸುವುದು ಆ ಬೆರಳು. ಚೆಂಡು ಬಿದ್ದಿತು, ಪುಟಿಯಿತು, ಆಮೇಲೆ ಹೆಬ್ಬೆರಳು ಇಟ್ಟಳು, ಆಮೇಲೆ ಹೊಡೆದಳು. ಪ್ರತಿ ಚೆಂಡಿಗೂ ಹಾಗೇ. ನೋಡುವವರಿಗೆ ಅದು ನಿಧಾನಸ್ಥರ ಆಟದ ಹಾಗೆ ಕಾಣುತ್ತಿತ್ತು. ಅವಳು ಹಿಂದೆಯೇ ನಿಂತಿದ್ದರಿಂದ ಸುನಿಲ ಎತ್ತಿ ಹಾಕಿದ್ದೆಲ್ಲ ಅವಳ ಮುಂದೆಯೇ ಬೀಳುತ್ತಿತ್ತು. ಆಗ ಕಣ್ಣಿಗೆ ಬಿತ್ತು: ಅವನು ಅಷ್ಟು ಹಿಂದೆ ನಿಂತಿದ್ದಾನೆ, ನೆಟ್ಟಿನ ಆ ಕಡೆಯ ಜಾಗವೆಲ್ಲ ಖಾಲಿ. ಅಲ್ಲಿಗೆ ಒಂದು ಸಾಯುವ ಚೆಂಡು ಹಾಕಿದಳು. ಓಟವಿದ್ದದ್ದರಿಂದ ಮೇಕೆ ಓಡಿ ಬಂತು. ಮತ್ತೆ ಹಿಂದಕ್ಕೆ ಹಾಕಿದಳು. ಓಡಿತು. ಮತ್ತೆ ಮುಂದೆ. ಓಟ ಇತ್ತು, ದಮ್ಮು ಇರಲಿಲ್ಲ. ದಮ್ಮಿನ ಪಾಯಿಂಟೆಲ್ಲ ಹಗುರ ಕೈಗೆ ಹೋಗಿತ್ತು.

ನಾಲ್ಕು ನಾಲ್ಕು. ಐದು ನಾಲ್ಕು. ಎರಡು ಗಂಟೆ ಇಪ್ಪತ್ತೆರಡಕ್ಕೆ ಆರು ನಾಲ್ಕು, ಆಶಾರಾಣಿಗೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಂಜಪ್ಪ ಮಾತ್ರ "ಆಹಾ" ಅಂದು ಅಕ್ಕಪಕ್ಕ ನೋಡಿ ಸುಮ್ಮನಾದ. ಆಶಾರಾಣಿ ಕಂಟ್ರೋಲರನ್ನು ಕುರ್ಚಿಯ ಮೇಲಿಟ್ಟು ಕಚೇರಿಗೆ ಹೋದಳು. ಏನಾದರೂ ಅನ್ನಿಸಿತಾ ಅಂತ ಆಮೇಲೆ ಕೇಳಿದೆ. "ಹೆಬ್ಬೆಟ್ಟು ನೋಯ್ತಿತ್ತು," ಅಂದಳು.

ಸೋಮವಾರ ಅವಳು ಬಂದಾಗ ಟೆನಿಸ್ಸಿನ ಕುರ್ಚಿಗಳಲ್ಲಿ ಕೂತಿದ್ದ ಇಬ್ಬರೂ ಎದ್ದರು. "ಕೂತ್ಕಳಿ ಮೇಡಂ, ನಿಮ್ದೇ," ಅಂದ ಸುನಿಲ. ಬಹಳ ಮರ್ಯಾದೆಯಿಂದ ಅಂದ. ಕೂತಳು. ಪಕ್ಕದ ಕುರ್ಚಿ ಖಾಲಿ. ಸಾಲಿನಲ್ಲಿದ್ದವರೆಲ್ಲ ಗುಂಡು ಹಾರಿಸುವ ಆಟದ ಹಿಂದೆ ಹೋಗಿ ನಿಂತರು. ಯಾರೂ ತುಟಿ ಪಿಟಿಕ್ಕೆನ್ನಲಿಲ್ಲ, ಮಾತು ಕೊಟ್ಟ ಹಾಗೆ.

ಮಂಗಳವಾರ ಹಾಗೇ. ಬುಧವಾರ, ಗುರುವಾರ. ಅವಳು ಆಟದೊಳಗಿನ ಕಂಪ್ಯೂಟರಿನ ಜೊತೆ ಆಡಿದಳು. ಕಷ್ಟದ್ದು ಅಂತ ಇದ್ದದ್ದನ್ನೇ ಇಟ್ಟುಕೊಂಡಳು. ಎರಡು ದಿನಕ್ಕೆ ಅದರ ಆಟ ಪೂರ್ತಿ ತಿಳಿಯಿತು. ಅದು ಅವಳಿಗಾಗಿ ಏನನ್ನೂ ಬದಲಾಯಿಸಿಕೊಳ್ಳುತ್ತಿರಲಿಲ್ಲ. ಕೆಂಪು ಕುರ್ಚಿ, ಮುಂದೆ ಟಿ.ವಿ., ಪಕ್ಕದಲ್ಲಿ ಯಾರೂ ಇಲ್ಲ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಅದರ ವಿರುದ್ಧ ಕರಪತ್ರ ಬರೆದು ಕೈ ಸವೆದಿದೆ. ಅವಳು ಆ ಹೆಸರನ್ನು ಎತ್ತಲಿಲ್ಲ. "ಆಪೀಸು ಇಲ್ಲಿಗೂ ಬಂತು ಅಣ್ಣ," ಅಂದಳು ಫೋನಿನಲ್ಲಿ, ಅಷ್ಟೇ.

ನಾನು ಬಂದು ಮಾತಾಡಲಾ ಅಂದೆ. ಬೇಡ ಅಂದಳು.

ಮುಂದಿನ ಸೋಮವಾರ ಅವಳು ಬಂದಳು. ಸುನಿಲ, ಶರತ್ ಎದ್ದರು. ಅವಳು ಕೂರಲಿಲ್ಲ. ಕೆಟ್ಟ ಜೆರಾಕ್ಸ್ ಮಿಷನ್ನಿನ ಪಕ್ಕ, ಸಾಲು ನಿಲ್ಲುವ ಜಾಗದಲ್ಲಿ, ಹೋಗಿ ನಿಂತಳು.

"ಕೂತ್ಕಳಿ ಮೇಡಂ."

"ನೀವು ಆಡ್ತಾ ಇದ್ರಿ. ಆಡಿ. ನಾನು ಸಾಲಲ್ಲಿದ್ದೀನಿ."

ಯಾರೂ ಆಡಲಿಲ್ಲ. ಎರಡೂ ಕುರ್ಚಿ ಖಾಲಿ ಇದ್ದವು. ಎರಡು ಇಪ್ಪತ್ತೈದರವರೆಗೆ ನಿಂತಿದ್ದು ಹೋದಳು. ಮಂಗಳವಾರವೂ ನಿಂತಳು. ಬುಧವಾರವೂ. ಬ್ಯಾಗು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸುವುದು ಬಿಟ್ಟರೆ ಅಲ್ಲಾಡಲಿಲ್ಲ. ನಟರಾಜ ಒಂದು ಸ್ಟೂಲು ತಂದಿಟ್ಟ. "ಸಾಲಲ್ಲಿ ಯಾರು ಸ್ಟೂಲ್ ಹಾಕ್ಕೋತಾರೆ?" ಅಂದಳು.

ಗುರುವಾರ ಒಂದು ಮುಕ್ಕಾಲಿಗೆ ಶರತ್ ಗುಂಡಿನ ಆಟ ಬಿಟ್ಟು ಬಂದು ಟೆನಿಸ್ಸಿನ ಕುರ್ಚಿಯಲ್ಲಿ ಕೂತ.

"ಏನ್ಲಾ, ಕೂತೇಬಿಟ್ಟಲ್ಲ?" ಅಂದ ಸುನಿಲ.

"ಎಷ್ಟ್ ದಿನ ಅಂತ ಢಂ ಢಂ ಅನ್ನಿಸ್ಲಿ. ತಲೆ ಚಿಟ್ಟಿಡೀತು. ಬಾ, ಆಡಾಣ."

"ಅವ್ರು ನಿಂತವ್ರಲ್ಲೋ."

"ನಿಂತ್ರೆ ನಿಂತ್ಕೊಳ್ಳಿ. ನಿನ್ ಕಾಲ್ ಮೇಲೆ ನಿಂತವ್ರಾ?"

ಸುನಿಲ ಕೂತ. ಅವನಿಗೂ ಬೆರಳು ಕೆರೆಯುತ್ತಿತ್ತು. ಆಡಿದರು. ಶರತ್ ನಾಲ್ಕು ಎರಡರಲ್ಲಿ ಗೆದ್ದ. ಸುನಿಲ ಎದ್ದ. ನಟರಾಜ ದಿನಾ ಕೂಗುವ ಹಾಗೆ "ನೆಕ್ಸ್ಟು" ಅಂದ. ಸಾಲಿನಲ್ಲಿ ಇದ್ದದ್ದು ಒಬ್ಬಳೇ. ಆಶಾರಾಣಿ ಹೋಗಿ ಖಾಲಿ ಕುರ್ಚಿಯಲ್ಲಿ ಕೂತಳು.

"ಶರತ, ಏಳ್ಲಾ," ಅಂದ ಸುನಿಲ.

ಶರತ್ ಟಿ.ವಿ.ಯನ್ನೇ ನೋಡುತ್ತಿದ್ದ. "ಗೆದ್ದಿರೋನು ನಾನು. ನಾನ್ಯಾಕ್ ಏಳ್ಲಿ?"

"ಮಾತಾಗಿತ್ತಲ್ಲ ನಮ್ಮೊಳ್ಗೆ."

"ನಿನ್ ಕುರ್ಚಿ ಆಗಿದ್ರೆ ನೀನು ಏಳು. ಸುಮ್ಕಿರು, ಸರ್ವಿಸ್ ಮಾಡ್ಬೇಕು."

ಸರ್ವಿಸ್ ಮಾಡಿದ. ಆ ಹತ್ತು ದಿನದಲ್ಲಿ ಅವನು ತನ್ನ ಆಟಗಾರನನ್ನು ಬಿಚ್ಚಿ ಮತ್ತೆ ಕಟ್ಟಿದ್ದ, ಯಾರಿಗೂ ಹೇಳದೆ. ಆಶಾರಾಣಿ ನೆಟ್ಟಿನ ಹಿಂದೆ ಸಾಯುವ ಚೆಂಡು ಹಾಕಿದಳು. ಅವನು ಓಡಿ ಬಂದು, ಈ ಸಲ ಗೊತ್ತಿದ್ದವನ ಹಾಗೆ ಮೂಲೆಗೆ ತಳ್ಳಿದ. ಅವಳ ಹುಬ್ಬು ಒಂದು ಸಲ ಮೇಲೆ ಹೋಯಿತು. ಇನ್ನೊಂದು ಹಾಕಿದಳು. ಅದನ್ನೂ ತಳ್ಳಿದ. ನಾಲ್ಕು ಒಂದರಲ್ಲಿ ಅವಳು ಸೋತಳು.

"ಓಟದಿಂದ ಎಷ್ಟು ತೆಗ್ದೆ?" ಅಂತ ಕೇಳಿದಳು.

"ಆರು. ನೆಟ್ಟಿಗೆ ಹಾಕ್ದೆ."

"ದಮ್ಮು?"

"ಅದನ್ನ ಹೇಳಲ್ಲ ಮೇಡಂ."

ಅವಳು ಎದ್ದು ಹೋಗಿ, ಸಾಲಿಗೆ ಬಂದು ನಿಂತಿದ್ದ ಸುನಿಲನ ಹಿಂದೆ ನಿಂತಳು. ಸುನಿಲ ತಿರುಗಿ ನೋಡಲಿಲ್ಲ, ಸಾಲು ಬಿಟ್ಟೂ ಹೋಗಲಿಲ್ಲ. ಗಂಟೆ ಎರಡು ಹತ್ತು. ಇವತ್ತು ಇನ್ನೊಂದು ಸರದಿ ಬರುವುದು ಅನುಮಾನ. ನಂಜಪ್ಪ ಎಲೆ ಅಡಿಕೆ ಉಗಿದು ಒಳಗೆ ಬಂದ. ಸಾಲು ಎಲ್ಲಿಗೆ ಮುಗಿಯುತ್ತದೆ ಅಂತ ನೋಡಿ ಆಶಾರಾಣಿಯ ಹಿಂದೆ ನಿಂತ.